ತುಳಿಯುವುದು ನನಗೇನು ಹೊಸದೇ

ಫೆಬ್ರವರಿ ೧೦

ತಮ್ಮಾ,

ಈ ಪತ್ರ ನಿನಗೆ ಯಾವ ಬಂದರಿನಲ್ಲಿ ಸಿಗುತ್ತದೋ ಗೊತ್ತಿಲ್ಲ. ಸಿಕ್ಕಾಗ ಮೊದಲು ಬಿಸಿಯಾಗಿ ಏನಾದರೂ ತಿಂದು ಆಮೇಲೆ ಓದು. ಹಡಗಿನವರಿಗೆಲ್ಲ ಬೇಯಿಸಿ ಹಾಕಿ ಕೊನೆಗೆ ತಣ್ಣಗಿನದನ್ನು ತಿನ್ನುವವನು ನೀನು ಅಂತ ನನಗೆ ಗೊತ್ತಿಲ್ಲವೇ.

ಇಲ್ಲಿಯ ಸುದ್ದಿ ಅಂದರೆ ನಮ್ಮ ಬಸ್ಸು ನಿಂತುಹೋಯಿತು. ಕೆಟ್ಟು ನಿಂತದ್ದಲ್ಲ, ಇನ್ನು ಮುಂದೆ ಈ ದಾರಿಗೆ ಬರುವುದೇ ಇಲ್ಲ ಅಂತ ಕಂಬಕ್ಕೆ ಚೀಟಿ ಅಂಟಿಸಿ ಹೋದರು. ಮನೆ ಸೇತುವೆಯ ಈಚೆ, ನನ್ನ ಹೊಲಿಗೆ ಅಂಗಡಿ ಸೇತುವೆಯ ಆಚೆ. ಹೋದ ವಾರವೆಲ್ಲ ನಡೆದೇ ಹೋದೆ. ನಾನು ಹೋಗಿ ಬೀಗ ತೆಗೆಯುವಷ್ಟರಲ್ಲಿ ಗಿರಾಕಿಗಳು ಬಂದು ಬಾಗಿಲು ನೋಡಿ ವಾಪಸ್ಸು ಹೋಗಿರುತ್ತಾರೆ. ಸಂಜೆ ಮನೆ ಸೇರುವಷ್ಟರಲ್ಲಿ ಮೊಣಕಾಲು ನನ್ನ ಜೊತೆ ಮಾತು ಬಿಟ್ಟಿರುತ್ತದೆ.

ಮಗಳದು ಒಂದೇ ರಾಗ. "ಸಾಕು ಬಿಡಮ್ಮಾ. ಅಂಗಡಿ ಮುಚ್ಚಿ ನಮ್ಮ ಜೊತೆ ಬಂದಿರು. ಇನ್ನೂ ಎಷ್ಟು ದಿನ ಅಂತ ದುಡೀತೀಯ?" ಅಳಿಯ ಪಕ್ಕದಲ್ಲಿ ತಲೆಯಾಡಿಸುತ್ತಾರೆ. ಪ್ರೀತಿಯಿಂದ ಹೇಳುತ್ತಾರೆ, ಕಷ್ಟ ಇರುವುದೇ ಅಲ್ಲಿ. ಸಿಟ್ಟಿನಿಂದ ಹೇಳಿದ್ದರೆ ಜಗಳವಾಡಿ ಗೆದ್ದುಬಿಡುತ್ತಿದ್ದೆ. ಅಂಗಡಿಮನೆಯ ಯಜಮಾನಿ ಬೇರೆ, ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುತ್ತೀರೋ ಬಿಡುತ್ತೀರೋ, ಏಪ್ರಿಲ್ ಮುಗಿಯುವುದರೊಳಗೆ ಹೇಳಿಬಿಡಿ ಅಂದಿದ್ದಾರೆ.

ಬಿಟ್ಟರೆ ನಾನು ಯಾರು, ಹೇಳು. ಅಂಗಡಿಯಲ್ಲಿ ಕತ್ತರಿ ಹಿಡಿದು ನಿಂತರೆ ನಾನು ಟೈಲರಮ್ಮ. ಮಗಳ ಮನೆಯ ಸೋಫಾದಲ್ಲಿ ಕೂತರೆ ಬರೀ ಅಮ್ಮ. ಅಮ್ಮನಾಗಿರುವುದು ಒಳ್ಳೆಯದೇ, ಆದರೆ ಬೆಳಗಿನಿಂದ ಸಂಜೆಯವರೆಗೂ ಅದೊಂದೇ ಕೆಲಸ ಅಂದರೆ ಯಾರಿಗಾದರೂ ಬೇಜಾರು.

ಅದಕ್ಕೇ ಒಂದು ಸೈಕಲ್ ಕೊಳ್ಳುವುದು ಅಂತ ತೀರ್ಮಾನ ಮಾಡಿದ್ದೇನೆ. ಯಾವ ಅಂಗಡಿಯಲ್ಲಿ ಕೊಳ್ಳಬೇಕು ಅನ್ನುವುದು ಮಾತ್ರ ತಿಳಿಯದು. ನೀನು ನಾಲ್ಕು ಊರು ಕಂಡವನು, ಒಳ್ಳೆಯ ಸೈಕಲ್ ಅಂಗಡಿಯನ್ನು ಗುರುತಿಸುವುದು ಹೇಗೆ ಅಂತ ಬರೆ. ತುಳಿಯುವುದರ ಬಗ್ಗೆ ನಿನಗೆ ಚಿಂತೆ ಬೇಡ. ಮೂವತ್ತು ವರ್ಷ ಹೊಲಿಗೆ ಮಿಷನ್ ತುಳಿದವಳಿಗೆ ತುಳಿಯುವುದೇನು ಹೊಸದೇ?

ಅಕ್ಕ


ಮಾರ್ಚ್ ೨

ಅಕ್ಕಾ,

ಪತ್ರ ನಿನ್ನೆ ಸಿಕ್ಕಿತು. ಬಿಸಿಯಾಗಿಯೇ ತಿಂದೆ, ನಿಂತುಕೊಂಡು ತಿಂದೆ, ಅದಕ್ಕೆ ಬೇರೆ ಬೈಯಬೇಡ.

ಸೈಕಲ್ ಯೋಚನೆ ಬಹಳ ಚೆನ್ನಾಗಿದೆ. ನನ್ನ ಮಾತು ಕೇಳುವುದಾದರೆ ಸೈಕಲ್ ಆರಿಸುವ ಮುಂಚೆ ಅಂಗಡಿ ಆರಿಸು. ಅಂಗಡಿ ಒಳ್ಳೆಯದಿದ್ದರೆ ಸೈಕಲ್ಲಿನ ತಪ್ಪು ಇವತ್ತಲ್ಲ ನಾಳೆ ಸರಿಹೋಗುತ್ತದೆ. ಅಂಗಡಿ ಕೆಟ್ಟದ್ದಾದರೆ ಎಂಥ ಸೈಕಲ್ಲೂ ವರ್ಷದೊಳಗೆ ಗುಜರಿ. ಒಳಗೆ ಹೋದ ತಕ್ಷಣ "ಮಾರಿದ್ದನ್ನ ರಿಪೇರಿನೂ ನೀವೇ ಮಾಡ್ತೀರಾ" ಅಂತ ಕೇಳು. ಕೇಳುವಾಗ ಅವರ ಮುಖ ನೋಡಬೇಡ, ಕೈ ನೋಡು. ಉಗುರಿನ ಸಂದಿಯಲ್ಲಿ ಕಪ್ಪು ಇರಬೇಕು. ಆಮೇಲೆ ಅಂಗಡಿ ಮನೆಗೆ ಹತ್ತಿರವಿರಲಿ, ಪಂಕ್ಚರ್ ಆದ ಸೈಕಲ್ಲನ್ನು ತಳ್ಳಿಕೊಂಡು ಹೋಗಬೇಕಾದವಳು ನೀನು. ಇಷ್ಟೆಲ್ಲ ಸೌಟು ಹಿಡಿಯುವವನಿಗೆ ಹೇಗೆ ಗೊತ್ತಾಯಿತು ಅಂತ ಕೇಳಬೇಡ, ಗೊತ್ತು ಅಷ್ಟೇ.

ನಿನ್ನ ಪತ್ರ ಓದಿ ನಮ್ಮ ಬಾಡಿಗೆ ಸೈಕಲ್ ನೆನಪಾಯಿತು. ರಜೆ ಬಂತೆಂದರೆ ಇಬ್ಬರೂ ಸೇರಿ ತಂದು ಶಾಲೆಯ ಮೈದಾನ ಸುತ್ತುತ್ತಿದ್ದೆವಲ್ಲ. ನೀನು ನನಗಿಂತ ಚೆನ್ನಾಗಿ ಹೊಡೆಯುತ್ತಿದ್ದೆ. ಹಾಗಾಗಿ ನನಗೆ ಯೋಚನೆಯೇ ಇಲ್ಲ.

ತಮ್ಮ


ಮಾರ್ಚ್ ೬

ತಮ್ಮಾ,

ನಿನ್ನ ಉತ್ತರ ಇನ್ನೂ ಬಂದಿಲ್ಲ. ಸಮುದ್ರದ ಅಂಚೆಯನ್ನು ನಂಬಿ ಕೂತರೆ ಏಪ್ರಿಲ್ ದಾಟಿಹೋಗುತ್ತದೆ ಅಂತ ನಾನೇ ಹೊರಟೆ.

ಮೊದಲ ಅಂಗಡಿ ಊರಿನ ಆ ತುದಿಯಲ್ಲಿ. ಎಲ್ಲ ಗಾಜು, ಎಲ್ಲ ದೀಪ. ನೆಲ ಎಷ್ಟು ನುಣುಪು ಅಂದರೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕೇನೋ ಅನ್ನಿಸಿತು. ಇಸ್ತ್ರಿ ಮಾಡಿದ ಷರ್ಟಿನ ಒಬ್ಬ ಬಂದು "ತುಳಿದು ಅಭ್ಯಾಸ ಇದೆಯಾ ಮೇಡಂ?" ಅಂದ. "ಮೂವತ್ತು ವರ್ಷದಿಂದ ದಿನಾ ತುಳೀತಿದೀನಪ್ಪಾ" ಅಂದೆ. ಸುಳ್ಳೇನಲ್ಲವಲ್ಲ. ಅವನ ಮುಖ ಅರಳಿತು. ಓಡಿಹೋಗಿ ರೇಸಿಗೆ ಬಿಡುವಂಥ ಒಂದನ್ನು ತಂದು ನಿಲ್ಲಿಸಿದ. ಚಕ್ರ ನನ್ನ ಬೆರಳಿನಷ್ಟು ದಪ್ಪ, ಸೀಟು ನನ್ನ ಕತ್ತರಿಯಷ್ಟು ಅಗಲ, ಅದೂ ಎದೆಯೆತ್ತರದಲ್ಲಿ. "ನಿಮ್ಮಂಥ ಅನುಭವದವರಿಗೆ ಇದೇ ಸರಿ" ಅಂತ ಗೌರವದಿಂದ ಹೇಳಿದ. ಕೆಟ್ಟರೆ ಯಾರು ನೋಡುತ್ತಾರೆ ಅಂತ ಕೇಳಿದೆ. "ಕಂಪನಿಗೆ ಕಳಿಸ್ತೀವಿ ಮೇಡಂ" ಅಂದ. ಕಂಪನಿ ಎಲ್ಲಿದೆ ಅಂತ ಅವನಿಗೂ ಗೊತ್ತಿರಲಿಲ್ಲ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂದುಕೊಂಡು ಬಂದೆ.

ಎರಡನೆಯ ಅಂಗಡಿಗೆ ಅಳಿಯನೂ ಬಂದರು. ಅಲ್ಲಿಯವನು ಎಲ್ಲ ಮಾತನ್ನೂ ಅವರ ಹತ್ತಿರವೇ ಆಡಿದ. ಗೇರು ಅವರಿಗೆ ತೋರಿಸಿದ, ಬ್ರೇಕು ಅವರಿಗೆ ಹಿಡಿಸಿದ. ನನ್ನ ಕಡೆ ತಿರುಗಿ ಕೇಳಿದ್ದು ಒಂದೇ ಮಾತು, "ಕಲರ್ ಯಾವುದು ಬೇಕಮ್ಮಾ?" ಕೋಳಿ ಕೇಳಿ ಮಸಾಲೆ ಅರೆಯುತ್ತಾರೆಯೇ. ಕೊನೆಗೆ ಅಳಿಯನ ಎತ್ತರಕ್ಕೇ ಸೀಟನ್ನೂ ಬಿಗಿದು ನಿಲ್ಲಿಸಿದ. ಗಂಡನ ಅಳತೆ ತೆಗೆದು ಹೆಂಡತಿಗೆ ಅಂಗಿ ಹೊಲಿದ ಹಾಗಾಯಿತು.

ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಮೊಣಕೈ ಸ್ವಲ್ಪ ತರಚಿದೆ. ಮೆಟ್ಟಿಲ ಹತ್ತಿರ ಎಡವಿದೆ, ಅಷ್ಟೇ.

ಅಕ್ಕ


ಮಾರ್ಚ್ ೨೦

ಅಕ್ಕಾ,

ಊಟದ ಕೋಣೆಯಲ್ಲಿ ನಿನ್ನೆ ದೊಡ್ಡ ವಾದವೇ ಆಯಿತು. ಇಂಜಿನ್ ಕೋಣೆಯ ಮೇಸ್ತ್ರಿ ಎರಡನೆಯ ಅಂಗಡಿಯವನ ಮೇಲೆ ಎಷ್ಟು ಸಿಟ್ಟಾದನೆಂದರೆ ಎರಡನೆಯ ಸಲ ಬಡಿಸಿಕೊಳ್ಳುವುದನ್ನೇ ಮರೆತ. ಹಡಗಿಗೆ ಬಣ್ಣ ಬಳಿಯುವವರು ಮೊದಲ ಅಂಗಡಿಯ ಪಕ್ಷ. ಕಪ್ತಾನರು ಯಾವ ಪಕ್ಷವೂ ಅಲ್ಲ, ಆದರೆ ಎದ್ದು ಹೋಗಲೂ ಇಲ್ಲ.

ಇದನ್ನು ಬರೆದ ಮೇಲೆ ಹೊಳೆಯಿತು, ನಿನ್ನ ಪತ್ರ ಎಲ್ಲರಿಗೂ ಓದಿ ಹೇಳುತ್ತೇನೆ ಅಂತ ನಿನಗೆ ಯಾವತ್ತೂ ತಿಳಿಸಿಲ್ಲ. ಈಗ ತಿಳಿಯಿತಲ್ಲ. ಅಂಗಡಿಯವನ ಕೈ ನೋಡಬೇಕು ಅಂದದ್ದೂ ಮೇಸ್ತ್ರಿಯೇ. ಅವನು ಚಿಕ್ಕಂದಿನಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದನಂತೆ.

ನನ್ನ ಮತ ಮೊದಲ ಅಂಗಡಿಗೆ. ಆ ಹುಡುಗ ತಂದದ್ದರಲ್ಲಿ ತಪ್ಪೇನಿದೆ? ನಿನ್ನಷ್ಟು ಚೆನ್ನಾಗಿ ಹೊಡೆಯುವವಳಿಗೆ ತೆಳ್ಳಗಿನ ಚಕ್ರವೇ ಹಗುರ. ಸಂಕೋಚ ಬಿಟ್ಟು ತೆಗೆದುಕೋ. ಮೆಟ್ಟಿಲ ಮೇಲೆ ಹುಷಾರು. ಸೈಕಲ್ ಬಂದರೆ ನಿನಗೆ ಎಡವುವ ಕಾಟವೇ ಇರುವುದಿಲ್ಲ.

ತಮ್ಮ


ಮಾರ್ಚ್ ೨೮

ತಮ್ಮಾ,

ನಿನ್ನ ಎರಡು ಪತ್ರ ಒಟ್ಟಿಗೇ ಬಂದವು. ಓದಿ ಒಬ್ಬಳೇ ಕೂತು ನಕ್ಕೆ. ಮೇಸ್ತ್ರಿಗೂ ಕಪ್ತಾನರಿಗೂ ನಮಸ್ಕಾರ ಹೇಳು. ಅವರೆಲ್ಲ ಕೇಳುತ್ತಿದ್ದಾರೆ ಅಂದ ಮೇಲೆ ನಿಜವನ್ನೇ ಬರೆಯುವುದು ಒಳ್ಳೆಯದು.

ಮೂರನೆಯ ಅಂಗಡಿ ಎಲ್ಲಿದೆ ಗೊತ್ತೇ? ನಮ್ಮ ಮನೆಯ ಹಿಂದಿನ ಓಣಿಯಲ್ಲಿ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ, ಇಷ್ಟು ವರ್ಷ ಅದರ ಮುಂದೆಯೇ ಓಡಾಡಿದವಳು ನಾನು. ಹೊರಗೆ ಒಂದು ಹಳೇ ಚಕ್ರ ನೇತುಹಾಕಿದೆ, ಒಳಗೆ ಟ್ಯೂಬಿನ ವಾಸನೆ. ನಡೆಸುವವಳು ನನ್ನ ವಯಸ್ಸಿನ ಹೆಂಗಸು. ಓಣಿಯವರೆಲ್ಲ ಅವಳನ್ನು ಗ್ರೀಸಮ್ಮ ಅನ್ನುತ್ತಾರೆ, ಅವಳೆದುರಿಗೇ ಅನ್ನುತ್ತಾರೆ. ಕೈ ನೋಡಿದೆ. ಉಗುರಿನ ಸಂದಿಯಲ್ಲಿ ಅಲ್ಲ, ಮೊಣಕೈವರೆಗೂ ಕಪ್ಪು.

"ತುಳಿದು ಅಭ್ಯಾಸ ಇದೆಯಾ?" ಅಂತ ಅವಳೂ ಕೇಳಿದಳು. ಮೂವತ್ತು ವರ್ಷ ಅಂದೆ. "ಹತ್ತಿ ನೋಡೋಣ" ಅಂತ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದ ಒಂದು ಸೈಕಲ್ ತೋರಿಸಿದಳು. ಹತ್ತಿ ಕೂತೆ. ಪೆಡಲಿನ ಮೇಲೆ ಕಾಲಿಟ್ಟೆ. ಆಮೇಲೆ ಏನಾಯಿತು ಕೇಳು. ನನ್ನ ಬಲಗೈ ತಾನಾಗಿಯೇ ಕೆಳಗೆ ಹೋಗಿ ಗಾಳಿಯಲ್ಲಿ ತಡಕಾಡಿತು. ಹೊಲಿಗೆ ಮಿಷನ್ ಶುರು ಮಾಡುವಾಗ ಬಲಗಡೆಯ ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸುತ್ತೇವಲ್ಲ, ಅದನ್ನು ಹುಡುಕುತ್ತಿತ್ತು. ಪಾದಗಳಂತೂ ಬೆರಳು, ಹಿಮ್ಮಡಿ, ಬೆರಳು, ಹಿಮ್ಮಡಿ ಅಂತ ಇದ್ದಲ್ಲೇ ಒತ್ತುತ್ತಿವೆ. ಪೆಡಲು ಅಲ್ಲಾಡಿತೇ ಹೊರತು ಸುತ್ತಲಿಲ್ಲ.

ಗ್ರೀಸಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ನೀವು ಟೈಲರಾ?" ಅಂದಳು. ಹೌದು ಅಂದೆ. "ಸೈಕಲ್ ಯಾವತ್ತಾದ್ರೂ ಹೊಡೆದಿದೀರಾ?" ಇಲ್ಲ ಅಂದೆ. ಅಂದು ನನಗೂ ನಗು ಬಂತು, ಅವಳಿಗೂ ಬಂತು.

ಹೌದು ತಮ್ಮಾ, ನನಗೆ ಸೈಕಲ್ ಬರುವುದಿಲ್ಲ. ನಿನ್ನ ನೆನಪು ಅರ್ಧ ಸರಿ. ಬಾಡಿಗೆ ಸೈಕಲ್ ಇಬ್ಬರೂ ಸೇರಿಯೇ ತರುತ್ತಿದ್ದೆವು. ಪಂಪು ಹಿಡಿದು ಗಾಳಿ ಹೊಡೆಯುತ್ತಿದ್ದವಳು ನಾನು, ಸೈಕಲ್ ಹೊಡೆಯುತ್ತಿದ್ದವನು ನೀನು. ಆಮೇಲೆ ನನ್ನ ಸರದಿ ಬರುವಷ್ಟರಲ್ಲಿ ಬಾಡಿಗೆಯ ಹೊತ್ತು ಮುಗಿದಿರುತ್ತಿತ್ತು. ಬೈಯುತ್ತಿಲ್ಲ, ನಿನಗೆ ಆಗ ಎಷ್ಟು ವಯಸ್ಸು. ಮೊಣಕೈ ತರಚಿದ್ದೂ ಮೆಟ್ಟಿಲಿನಿಂದಲ್ಲ. ಎರಡನೆಯ ಅಂಗಡಿಯಲ್ಲಿ ಧೈರ್ಯ ಮಾಡಿ ಹತ್ತಿ ಬಿದ್ದೆ. ಸಾಲಾಗಿ ನಿಲ್ಲಿಸಿದ್ದ ಸೈಕಲ್ಲುಗಳೂ ನನಗೆ ಜೊತೆ ಕೊಟ್ಟು ಒಂದರ ಮೇಲೊಂದು ಬಿದ್ದವು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋಣ ಅಂದರೆ ನನಗೆ ಮೀಸೆಯೂ ಇಲ್ಲ.

ಈಗ ಗ್ರೀಸಮ್ಮನ ಮಾತು ಕೇಳು. "ನಿಮಗೆ ಈಗ ಸೈಕಲ್ ಮಾರೋದಿಲ್ಲ" ಅಂದುಬಿಟ್ಟಳು. "ಮೊದಲು ಕಲೀರಿ. ಕಲಿಯೋವರೆಗೂ ಅಂಗಡಿ ಹಳೇದನ್ನ ಇಟ್ಕೊಳ್ಳಿ. ಕಲಿತ ಮೇಲೆ ನಿಮಗೆ ಯಾವುದು ಬೇಕು ಅಂತ ನಿಮ್ಮ ಕಾಲೇ ಹೇಳುತ್ತೆ." ನನ್ನ ಕಾಲಿನ ಅಳತೆ ತೆಗೆದಳು, ಟೇಪು ಹಿಡಿಯುವ ರೀತಿ ನೋಡಿ ನನಗೆ ಸಮಾಧಾನವಾಯಿತು. ಪಾದ ಪೂರ್ತಿ ನೆಲಕ್ಕೂರುವ ಹಾಗೆ ಸೀಟು ಇಳಿಸಿದಳು. "ಕಲೀತಾ ಕಲೀತಾ ಏರಿಸೋಣ" ಅಂದಳು. ಶಾಲೆಯ ಮಕ್ಕಳ ಬಟ್ಟೆಗೆ, ಬೆಳೆಯುತ್ತಾರೆ ಅಂತ ನಾನೂ ಹೀಗೇ ಅಂಚಿನಲ್ಲಿ ಒಳಗೆ ಮಡಿಚಿ ಬಿಡುತ್ತೇನೆ. ಈ ವಯಸ್ಸಿನಲ್ಲಿ ನನಗೂ ಯಾರೋ ಬೆಳೆಯಲು ಜಾಗ ಬಿಟ್ಟರಲ್ಲ ಅಂತ ಖುಷಿಯಾಯಿತು.

ಕೊನೆಯದು ಕೇಳಿದರೆ ಮೇಸ್ತ್ರಿಯೂ ನಗುತ್ತಾನೆ. ಎರಡು ಪೆಡಲನ್ನೂ ಬಿಚ್ಚಿ ತನ್ನ ಡಬ್ಬಿಗೆ ಹಾಕಿಕೊಂಡಳು. "ತುಳಿಯೋದನ್ನ ಮೊದಲು ಮರೀರಿ. ಕಾಲಲ್ಲಿ ನೆಲ ಒತ್ಕೊಂಡು ಹೋಗಿ, ತೂಕ ನಿಲ್ಲಲಿ." ಮೂವತ್ತು ವರ್ಷದ ವಿದ್ಯೆ ಡಬ್ಬಿಯೊಳಗೆ ಹೋಯಿತು.

ದಿನಾ ಬೆಳಿಗ್ಗೆ ಓಣಿಯಲ್ಲಿ ಬಾತುಕೋಳಿಯ ಹಾಗೆ ಹೋಗುತ್ತಿದ್ದೇನೆ. ನಾಲ್ಕು ಸಲ ಗೋಡೆಗೆ ಹೋದೆ. ಗೋಡೆ ಸ್ವಲ್ಪ ಮುಂದಕ್ಕೆ ಬಂದಿದೆ ಅಂದೆ. "ಕುಣೀಲಾರದವಳು ನೆಲ ಡೊಂಕು ಅಂದಳಂತೆ" ಅಂತ ಗ್ರೀಸಮ್ಮ ಒಳಗಿನಿಂದಲೇ ಕೂಗಿದಳು.

ಅಕ್ಕ


ಏಪ್ರಿಲ್ ೫

ಅಕ್ಕಾ,

ಬೇಡ.

ಸೈಕಲ್ ಬರುವುದಿಲ್ಲ ಅಂತ ಮೊದಲೇ ಹೇಳಿದ್ದರೆ ನಾನು ಒಂದು ಅಂಗಡಿಯ ಹೆಸರನ್ನೂ ಎತ್ತುತ್ತಿರಲಿಲ್ಲ. ಸೇತುವೆಯ ಮೇಲೆ ಲಾರಿ ಓಡಾಡುತ್ತವೆ. ನಿನ್ನ ಮೊಣಕಾಲು ಹೇಗಿದೆ ಅಂತ ನೀನೇ ಬರೆದಿದ್ದೀಯ. ಈ ವಯಸ್ಸಿನಲ್ಲಿ ಮೂಳೆ ಮುರಿದರೆ ಯಾರು ನೋಡಿಕೊಳ್ಳುತ್ತಾರೆ? ಮಗಳು ಹೇಳುವುದೇ ಸರಿ. ಅಂಗಡಿ ಬಿಟ್ಟುಬಿಡು, ಮಿಷನ್ ಮನೆಗೆ ತಂದುಕೋ. ಸೈಕಲ್ ವಾಪಸ್ಸು ಕೊಟ್ಟು ನನಗೆ ಬರೆ.

ತಮ್ಮ


ಏಪ್ರಿಲ್ ೧೨

ತಮ್ಮನಿಗೆ,

ನಿಮ್ಮ ಪತ್ರ ತಲುಪಿತು. ಇಲ್ಲಿ ಎಲ್ಲರೂ ಕ್ಷೇಮ. ಹವೆ ಚೆನ್ನಾಗಿದೆ.

ಅಕ್ಕ


ಏಪ್ರಿಲ್ ೧೯

ಅಕ್ಕಾ,

ನನಗೆ 'ನಿಮ್ಮ' ಅಂತ ಬರೆದಿದ್ದೀಯ. ಹುಟ್ಟಿದಾಗಿನಿಂದ ನೀನು ನನ್ನನ್ನು ಬಹುವಚನದಲ್ಲಿ ಕರೆದದ್ದಿಲ್ಲ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಊಟದ ಹೊತ್ತಿಗೆ ಎಲ್ಲರೂ ತಟ್ಟೆ ಹಿಡಿದು "ಅಕ್ಕ ಏನು ಬರೆದ್ರು?" ಅಂತ ಕೇಳಿದರು. ಹವೆ ಚೆನ್ನಾಗಿದೆಯಂತೆ ಅಂದೆ. ಯಾರೂ ನಂಬಲಿಲ್ಲ. ಕೊನೆಗೆ ನಾನು ಬರೆದದ್ದನ್ನೂ ಹೇಳಬೇಕಾಯಿತು. ಮೇಸ್ತ್ರಿ ಸೌಟು ನನ್ನ ಕೈಯಿಂದ ಕಿತ್ತುಕೊಂಡ. "ಬೇಡ ಅಂದ್ಯಾ? ಹಡಗಿಗೆ ಬಂದ ಹೊಸದರಲ್ಲಿ ನೀನು ಸಾರಿನ ಪಾತ್ರೆ ಸಮೇತ ಎಷ್ಟು ಸಲ ಬಿದ್ದೆ? ಇಳಿದು ಹೋಗು ಅಂತ ನಾವು ಯಾರಾದ್ರೂ ಅಂದ್ವಾ?" ಅಂದ. ಬಣ್ಣ ಬಳಿಯುವವರು, ಮೊದಲ ಅಂಗಡಿಯ ಪಕ್ಷದವರು, ಈಗ ಗ್ರೀಸಮ್ಮನ ಕಡೆ ಸೇರಿದ್ದಾರೆ. ಮಾರುವುದಿಲ್ಲ ಅಂದ ಅಂಗಡಿಯೇ ಒಳ್ಳೆಯ ಅಂಗಡಿ ಅಂತ ಕಪ್ತಾನರ ತೀರ್ಪು.

ಅಕ್ಕಾ, ನನಗೆ ಹೆದರಿಕೆಯಾಯಿತು, ಇನ್ನೇನೂ ಅಲ್ಲ. ನೀನು ಬಿದ್ದ ಸುದ್ದಿ ನನಗೆ ಬಹಳ ತಡವಾಗಿ ಬರುತ್ತದೆ. ನೀನು ಎದ್ದ ಸುದ್ದಿ ಅದಕ್ಕಿಂತ ತಡ. ಅಷ್ಟು ದಿನವೂ ನನ್ನ ಕಣ್ಣಲ್ಲಿ ನೀನು ಬಿದ್ದೇ ಇರುತ್ತೀಯ. ಅದಕ್ಕೆ ಹಾಗೆ ಬರೆದೆ. ನಿನ್ನ ಅಂಗಡಿ ಬಿಡಬೇಡ. ಟೈಲರಮ್ಮ ಅಲ್ಲದ ಅಕ್ಕ ನನಗೂ ಗೊತ್ತಿಲ್ಲ.

ಇದರ ಜೊತೆ ಒಂದು ಪೊಟ್ಟಣ ಇದೆ. ಮೇಸ್ತ್ರಿ ಹಿತ್ತಾಳೆಯಲ್ಲಿ ಮಾಡಿದ ಗಂಟೆ. ಇಂಜಿನ್ ಸದ್ದಿನಲ್ಲೂ ಕೇಳಿಸಿದೆಯಂತೆ, ನಿಮ್ಮ ಲಾರಿಗಳಿಗೂ ಕೇಳಿಸಬಹುದು. ಮೇ ತಿಂಗಳ ನಡುವೆ ಹಡಗು ನಮ್ಮ ಬಂದರಿಗೆ ಬರುತ್ತದೆ. ಈ ಸಲ ರಜೆ ತೆಗೆದುಕೊಂಡು ಮನೆಯಲ್ಲೇ ಇರುತ್ತೇನೆ. ಮೊದಲೇ ರಜೆ ಕೇಳಿದ್ದೆ, ಸಿಗದಿದ್ದರೆ ನಿನಗೆ ನಿರಾಸೆಯಾದೀತು ಅಂತ ಹೇಳಿರಲಿಲ್ಲ.

ಒಂದು ಪತ್ರ ಬರೆ, 'ನೀನು' ಅಂತ ಬರೆ.

ತಮ್ಮ


ಏಪ್ರಿಲ್ ೩೦

ನೀನು, ನೀನು, ನೀನು. ಸಾಕಾ ಪೆದ್ದು?

ಗಂಟೆ ಮೊನ್ನೆ ಬಂತು. ಬಾರಿಸಿ ನೋಡಿದೆ, ಓಣಿಯ ಬೆಕ್ಕುಗಳೆಲ್ಲ ಗೋಡೆ ಹತ್ತಿದವು. ಗ್ರೀಸಮ್ಮ ತಿರುಗಿಸಿ ತಿರುಗಿಸಿ ನೋಡಿ "ಯಾರ್ರೀ ಇದನ್ನ ಮಾಡಿದ್ದು, ಕೆಲಸ ಗೊತ್ತಿರೋನು" ಅಂದಳು. ಅವಳು ಯಾರನ್ನಾದರೂ ಹೊಗಳಿದ್ದನ್ನು ನಾನು ಕೇಳಿದ್ದು ಇದೇ ಮೊದಲು, ಮೇಸ್ತ್ರಿಗೆ ತಿಳಿಸು.

ನಿನ್ನ 'ಬೇಡ' ಅನ್ನುವ ಪತ್ರ ಬಂದ ದಿನ ಸಿಟ್ಟಿಗೆ ಓಣಿಯನ್ನು ಎಷ್ಟು ಸಲ ಸುತ್ತಿದೆನೋ ಲೆಕ್ಕವಿಲ್ಲ. ಸುತ್ತುತ್ತಾ ಸುತ್ತುತ್ತಾ ಎರಡು ಪಾದವೂ ನೆಲ ಬಿಟ್ಟಿದ್ದು ನನಗೇ ಗೊತ್ತಾಗಲಿಲ್ಲ. ಮಾರನೆಯ ದಿನ ಗ್ರೀಸಮ್ಮ ಡಬ್ಬಿಯಿಂದ ಪೆಡಲು ತೆಗೆದು ಹಾಕಿದಳು. ಹಾಗಾಗಿ ನಿನ್ನ 'ಬೇಡ'ದಿಂದ ಉಪಕಾರವೇ ಆಯಿತು.

ಆದರೂ ಸೈಕಲ್ ನೆಟ್ಟಗೆ ಹೋಗುತ್ತಿರಲಿಲ್ಲ. ಒಂದು ದಿನ ಗ್ರೀಸಮ್ಮ ಪಕ್ಕದಲ್ಲಿ ಓಡಿಬಂದು ನನ್ನ ಗಲ್ಲ ಹಿಡಿದು ಮೇಲೆತ್ತಿದಳು, ಕೈಯ ಗ್ರೀಸು ಗಲ್ಲಕ್ಕೆ ಹತ್ತಿತು. "ಚಕ್ರದ ಮುಂದೆ ಏನು ಹುಡುಕ್ತೀರಿ, ಸೂಜೀನಾ? ಬೀದಿ ಕೊನೆ ನೋಡಿ." ಆಗ ಅರ್ಥವಾಯಿತು. ಮೂವತ್ತು ವರ್ಷದಿಂದ ನನ್ನ ಕಣ್ಣು ಸೂಜಿಯ ಮುಂದಿನ ಬಟ್ಟೆ ಬಿಟ್ಟು ಆಚೆ ಹೋಗಿಲ್ಲ. ಬೀದಿಯ ಕೊನೆ ನೋಡಿದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನೆಟ್ಟಗೆ ಹೋಯಿತು.

ಹೋದ ವಾರ ನನ್ನ ಸ್ವಂತದ್ದು ಕೊಂಡೆ. ದಪ್ಪ ಚಕ್ರ, ಅಗಲ ಸೀಟು, ಮುಂದೆ ಬಟ್ಟೆಯ ಗಂಟಿಗೊಂದು ಬುಟ್ಟಿ. ಗ್ರೀಸಮ್ಮ ಸೀಟನ್ನು ಒಂದು ಬೆರಳು ಏರಿಸಿ "ಬೆಳೆದ್ರಿ" ಅಂದಳು. ಚೈನಿಗೆ ಸಿಕ್ಕದ ಹಾಗೆ ಪಾದದ ಹತ್ತಿರ ಗುಂಡಿ ಇಟ್ಟು ನನಗೆ ನಾನೇ ಒಂದು ಪ್ಯಾಂಟು ಹೊಲಿದುಕೊಂಡೆ. ಅದನ್ನು ನೋಡಿ ಅವಳೂ ಒಂದು ಹೊಲಿಸಿಕೊಂಡಳು. ಈಗ ಅವಳ ಗಿರಾಕಿಗಳೂ ಕೇಳುತ್ತಿದ್ದಾರಂತೆ.

ಇವತ್ತು ಏಪ್ರಿಲ್ ಕೊನೆ. ಯಜಮಾನಿಗೆ ಉತ್ತರ ಹೇಳಬೇಕಾದ ದಿನ. ಬೆಳಿಗ್ಗೆಯೇ ಮಗಳು ನನ್ನ ಮನೆಗೆ ಬಂದು ಬಾಗಿಲಲ್ಲಿ ಕೈ ಕಟ್ಟಿಕೊಂಡು ನಿಂತಿದ್ದಳು. "ಅಮ್ಮಾ, ಬಿದ್ದರೆ?" ಅಂದಳು. "ಬಿದ್ದರೆ ಏಳ್ತೀನಿ, ಅದೂ ಅಭ್ಯಾಸ ಆಗಿದೆ" ಅಂದೆ. ಸೇತುವೆಯ ಏರಿನಲ್ಲಿ ಇಳಿದು ತಳ್ಳಿದೆ, ಅದರಲ್ಲಿ ನಾಚಿಕೆ ಏನಿದೆ. ಮೇಲೆ ಹತ್ತಿ ಕೂತು ತಲೆ ಎತ್ತಿದೆ ತಮ್ಮಾ, ಸಮುದ್ರ ಕಂಡಿತು. ಇಷ್ಟು ವರ್ಷ ಅದೇ ಸೇತುವೆಯ ಮೇಲೆ ಬಸ್ಸಿನಲ್ಲಿ ಹೋಗಿದ್ದೇನೆ, ತಲೆ ಬಗ್ಗಿಸಿ ಗುಂಡಿ ಹೊಲಿಯುತ್ತಾ. ಬಸ್ಸು ನಿಂತ ಮೇಲೆ ನಡೆದು ಹೋಗುವಾಗಲೂ ಕಣ್ಣು ಕಾಲಿನ ಮುಂದೆಯೇ ಇತ್ತು. ಅಲ್ಲಿಂದ ಬಂದರು ಕಾಣುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ನೀನು ಅದೇ ನೀರಿನ ಮೇಲೆ ಎಲ್ಲೋ ಇದ್ದೀಯ ಅಂತ ಕಣ್ಣು ತುಂಬಿತು. ಹಾಗೆಂದು ಬ್ರೇಕು ಬಿಡಲಿಲ್ಲ.

ಇಳಿಜಾರಿನಲ್ಲಿ ಮೇಸ್ತ್ರಿಯ ಗಂಟೆ ಬಾರಿಸುತ್ತಾ ಹೋದೆ. ಮಾರುಕಟ್ಟೆ ಬೀದಿಯವರೆಲ್ಲ ಬಾಗಿಲಿಗೆ ಬಂದರು. ಯಜಮಾನಿಯೂ ಬಂದರು. ಸೈಕಲ್ ಮೇಲಿಂದ ಇಳಿಯುವ ಮುಂಚೆಯೇ "ಅಂಗಡಿ ಇಟ್ಕೋತೀನಿ" ಅಂದೆ. ಅವರು ನನ್ನ ಮುಖ ನೋಡದೆ ಪ್ಯಾಂಟು ನೋಡುತ್ತಿದ್ದರು. "ಇದು ನನಗೂ ಒಂದು ಬೇಕಲ್ಲ" ಅಂದರು. ಇವತ್ತಿನ ಮೊದಲ ಗಿರಾಕಿ ಅವರೇ. ಸಂಜೆ ಮನೆಗೆ ಬಂದಾಗ ಮಗಳು ಸೈಕಲ್ ನಿಲ್ಲಿಸಲು ಹೊಸ್ತಿಲ ಪಕ್ಕದ ಹೂಕುಂಡಗಳನ್ನೆಲ್ಲ ಸರಿಸಿ ಜಾಗ ಮಾಡಿಟ್ಟಿದ್ದಳು.

ಹಡಗು ಬರುವ ದಿನ ಬಂದರಿನ ಬಾಗಿಲಿಗೆ ನಾನೇ ಬರುತ್ತೇನೆ. ನಿನ್ನ ಪೆಟ್ಟಿಗೆ ಬುಟ್ಟಿಗೆ, ನೀನು ಹಿಂದಿನ ಕ್ಯಾರಿಯರಿಗೆ. ನಿನ್ನ ಭಾರಕ್ಕೆ ಹಿಂದಿನ ಚಕ್ರ ಇಳಿದೇ ಇಳಿಯುತ್ತದೆ, ಪಂಪು ಜೊತೆಗೆ ತಂದಿರುತ್ತೇನೆ. ಈ ಸಲ ಗಾಳಿ ನೀನು ಹೊಡೆ, ಸೈಕಲ್ ನಾನು ಹೊಡೆಯುತ್ತೇನೆ.

ಅಕ್ಕ